ಮಂಡಿನೋವು: ಹೆಜ್ಜೆಯ ಭಾರ ಯಾವ ಬದಿಗೆ?

ನಿಗಡಿ ಪ್ರಾಧಿಕರಣದ ಯಾವುದೇ ಸೊಸೈಟಿಯ ಬೆಂಚಿನ ಮೇಲೆ ಸಂಜೆ ಹತ್ತು ನಿಮಿಷ ಕುಳಿತರೆ ಎರಡು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಒಂದು, ‘ಗುಡಘ್ಯಾತ ಗ್ಯಾಪ್ ಆಲಾ’. ಇನ್ನೊಂದು, ‘ವಂಗಣ ಸಂಪಲಂ’, ಅಂದರೆ ಮಂಡಿಯೊಳಗಿನ ಗ್ರೀಸು ಮುಗಿಯಿತು. ನಮ್ಮ ಕನ್ನಡದ ಮನೆಗಳಲ್ಲೂ ಇದೇ ಮಾತು: ‘ಮೊಣಕಾಲಾಗ ಗ್ಯಾಪ್ ಬಂದದ, ಭಾಳ ನಡೀಬ್ಯಾಡ್ರಿ ಅಂತ ಹೇಳ್ಯಾರ.’ ಹುಬ್ಬಳ್ಳಿ, ಗದಗ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಮಕ್ಕಳ ಮನೆಯಲ್ಲಿ ಉಳಿದಿರುವ ಅರವತ್ತು ದಾಟಿದವರಲ್ಲಿ ಇದನ್ನು ಹೇಳದವರು ಕಡಿಮೆ.

ಈ ಎರಡು ಮಾತುಗಳನ್ನು ಮೊದಲು ಬಿಡಿಸಿ ನೋಡೋಣ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೂಳೆಗಳ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ ಕಾಣುವುದಿಲ್ಲ. ಅದು ಇರುವ ಜಾಗ ಖಾಲಿ ಗೆರೆಯಂತೆ ಕಾಣುತ್ತದೆ. ಹಾಗಾಗಿ ಆರೋಗ್ಯವಂತ ಮಂಡಿಯಲ್ಲಿ ಗ್ಯಾಪ್ ಇರಲೇಬೇಕು. ಮೃದ್ವಸ್ಥಿ ಸವೆದಂತೆ ಆ ಗ್ಯಾಪ್ ಕಿರಿದಾಗುತ್ತದೆ, ಕೊನೆಗೆ ಮೂಳೆಗೆ ಮೂಳೆ ತಾಗುತ್ತದೆ. ಬಂದದ್ದು ಗ್ಯಾಪ್ ಅಲ್ಲ, ಹೋದದ್ದು ಗ್ಯಾಪ್. ಇನ್ನು ಗ್ರೀಸಿನ ಮಾತು. ಕೀಲಿನೊಳಗಿನ ದ್ರವ ಎಂಜಿನ್ ಆಯಿಲ್‌ನಂತೆ ಮುಗಿದುಹೋಗುವುದಿಲ್ಲ. ಬಾತುಕೊಂಡ ಮಂಡಿಯಲ್ಲಿ ಅದು ಇರಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ.

ಮಾತು ತಪ್ಪಾದರೆ ಅಷ್ಟೇನೂ ನಷ್ಟವಿಲ್ಲ. ಆದರೆ ಆ ಮಾತಿನ ಬೆನ್ನಿಗೆ ಒಂದು ತೀರ್ಮಾನ ಬರುತ್ತದೆ: ನಡೆದಷ್ಟೂ ಸವೆಯುತ್ತದೆ, ಆದ್ದರಿಂದ ನಡೆಯುವುದನ್ನೇ ನಿಲ್ಲಿಸಬೇಕು. ಈ ತಿಂಗಳ ಅಂಕಣ ಆ ತೀರ್ಮಾನದ ಬಗ್ಗೆ.

ಟೈರಿನ ಲೆಕ್ಕ ಮಂಡಿಗೆ ಹೊಂದುವುದಿಲ್ಲ

ಟೈರು ಓಡಿದಷ್ಟೂ ಸವೆಯುತ್ತದೆ, ಶೆಡ್ಡಿನಲ್ಲಿ ನಿಲ್ಲಿಸಿದರೆ ಉಳಿಯುತ್ತದೆ. ಮೃದ್ವಸ್ಥಿ ಹಾಗಲ್ಲ, ಅದು ಜೀವವಿರುವ ಅಂಗಾಂಶ. ಅದಕ್ಕೆ ಸ್ವಂತ ರಕ್ತನಾಳವಿಲ್ಲ. ಕಾಲು ಊರಿದಾಗ ಸ್ಪಂಜಿನಂತೆ ಅದುಮಿಕೊಂಡು, ಎತ್ತಿದಾಗ ಸುತ್ತಲಿನ ದ್ರವವನ್ನು ಹೀರಿಕೊಂಡು ಅದು ಪೋಷಣೆ ಪಡೆಯುತ್ತದೆ. ಅದುಮುವುದೂ ಇಲ್ಲ, ಬಿಡುವುದೂ ಇಲ್ಲ ಎಂದಾದರೆ ಅದಕ್ಕೆ ಊಟವೇ ಇಲ್ಲ.

ಅಮೆರಿಕದಲ್ಲಿ ಮಂಡಿ ಸವೆತವಿದ್ದ, 50 ದಾಟಿದ 1,212 ಜನರ ವಿವರಗಳನ್ನು ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ವ್ಯಾಯಾಮಕ್ಕೆಂದು ನಡೆಯುತ್ತಿದ್ದವರಲ್ಲಿ ಹೊಸದಾಗಿ ಪದೇ ಪದೇ ಮಂಡಿನೋವು ಶುರುವಾಗುವ ಸಾಧ್ಯತೆ, ನಡೆಯದವರಿಗಿಂತ ಸುಮಾರು ಶೇ. 40ರಷ್ಟು ಕಡಿಮೆ ಇತ್ತು. ಒಳಬದಿಯ ಗ್ಯಾಪ್ ಕಿರಿದಾಗುವುದೂ ಅವರಲ್ಲಿ ಕಡಿಮೆ. 2014ರ ಇನ್ನೊಂದು ಅಧ್ಯಯನದಲ್ಲಿ, ಮಂಡಿ ಸವೆತವಿದ್ದವರು ಅಥವಾ ಅದರ ಅಪಾಯವಿದ್ದವರು ದಿನಕ್ಕೆ ಸುಮಾರು 6,000 ಹೆಜ್ಜೆ ನಡೆದರೆ, ಎರಡು ವರ್ಷಗಳ ನಂತರ ಓಡಾಟದ ತೊಂದರೆಗೆ ಸಿಲುಕುವ ಸಾಧ್ಯತೆ ಕಡಿಮೆ ಎಂದು ಕಂಡಿತು. ವಾಟ್ಸಾಪ್ ಹೇಳುವ 10,000 ಬೇಕಿಲ್ಲ, 6,000 ಸಾಕು. ನಮ್ಮ ದೇಶದಲ್ಲೇ ಐದು ಕಡೆ 5,000 ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 28.7 ಮಂದಿಗೆ ಮಂಡಿ ಸವೆತವಿತ್ತು, ಹೆಂಗಸರಲ್ಲಿ ಶೇ. 31.6. ಅದರ ಜೊತೆಗೆ ತಳಕು ಹಾಕಿಕೊಂಡ ಕಾರಣಗಳಲ್ಲಿ ವಯಸ್ಸು ಮತ್ತು ತೂಕದ ಜೊತೆ ಕೂತು ಮಾಡುವ ಕೆಲಸವೂ ಇತ್ತು. ಹಿಂಜವಡಿಯ ಕಂಪನಿಗಳಲ್ಲಿ ದಿನಕ್ಕೆ ಒಂಬತ್ತು ಗಂಟೆ ಕುರ್ಚಿಗೆ ಅಂಟಿಕೊಂಡಿರುವ ನಮ್ಮಂಥವರು ಈ ಕೊನೆಯ ಕಾರಣವನ್ನು ಎರಡು ಸಲ ಓದಬೇಕು.

ಹಾಗಾದರೆ ನಡೆದೂ ನಡೆದೂ ಮಂಡಿ ಹಾಳಾದವರು ಯಾಕಿದ್ದಾರೆ? ಅದಕ್ಕೆ ಉತ್ತರ ಹೆಜ್ಜೆಗಳ ಸಂಖ್ಯೆಗಿಂತ ಹೆಚ್ಚಾಗಿ ಒಂದೊಂದು ಹೆಜ್ಜೆಯಲ್ಲೂ ಭಾರ ಎಲ್ಲಿ ಬೀಳುತ್ತದೆ ಎಂಬುದರಲ್ಲಿದೆ.

ಒಳಬದಿಗೇ ಯಾಕೆ ಪೆಟ್ಟು?

ಎದ್ದು ನಿಂತು ಬಲಗಾಲ ಮೇಲೆ ಮಾತ್ರ ಭಾರ ಹಾಕಿ ನೋಡಿ. ದೇಹದ ಭಾರದ ಕೇಂದ್ರ ಹೊಕ್ಕುಳಿನ ಕೆಳಗೆ, ದೇಹದ ನಡುಮಧ್ಯೆ ಇದೆ. ಮಂಡಿ ಇರುವುದು ಅದರ ಬಲಕ್ಕೆ. ಹಾಗಾಗಿ ಒಂಟಿ ಕಾಲಲ್ಲಿ ನಿಂತಾಗ ಭಾರದ ಗೆರೆ ಮಂಡಿಯ ನಟ್ಟನಡುವೆ ಇಳಿಯದೆ ಒಳಬದಿಗೆ ಸರಿದು ಇಳಿಯುತ್ತದೆ. ನಡಿಗೆ ಎಂದರೆ ಒಂದಾದ ಮೇಲೊಂದು ಕಾಲಲ್ಲಿ ಒಂಟಿಯಾಗಿ ನಿಲ್ಲುವುದೇ ತಾನೆ. ಸಾಮಾನ್ಯ ನಡಿಗೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ನಮ್ಮ ತೂಕದ ಎರಡರಿಂದ ಮೂರು ಪಟ್ಟು, ಅದರಲ್ಲಿ ಶೇ. 60ರಿಂದ 70 ಭಾಗ ಒಳಬದಿಗೆ. ಎರಡು ಸರ್ವರ್ ಇದ್ದೂ ಮೂರರಲ್ಲಿ ಎರಡು ಪಾಲು ಟ್ರಾಫಿಕ್ ಒಂದಕ್ಕೇ ಹೋದ ಹಾಗೆ. ಹೆಚ್ಚಿನ ಜನರಿಗೆ ಮಂಡಿಯ ಒಳಬದಿಯೇ ಮೊದಲು ಸವೆಯುವುದಕ್ಕೆ ಇದು ದೊಡ್ಡ ಕಾರಣ.

ಈ ಭಾರದ ಗೆರೆಗೂ ಮಂಡಿಗೂ ನಡುವೆ ಇರುವ ಅಂತರ ಬಹಳ ಮುಖ್ಯ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಹೊರಬಹುದು, ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಭುಜ ಕಿತ್ತು ಬರುತ್ತದೆ. ಕೊಡದ ತೂಕ ಬದಲಾಗಿಲ್ಲ, ಅಂತರ ಬದಲಾಗಿದೆ. ಮಂಡಿಯಲ್ಲೂ ಹಾಗೆ: ಅಂತರ ಹೆಚ್ಚಿದಷ್ಟೂ ಕಾಲನ್ನು ಬಿಲ್ಲಿನಂತೆ ಹೊರಕ್ಕೆ ಬಾಗಿಸಿ ಒಳಬದಿಯನ್ನು ಅದುಮುವ ಬಲ ಹೆಚ್ಚುತ್ತದೆ. ವೈದ್ಯರು ಇದನ್ನು ಅಡಕ್ಷನ್ ಮೊಮೆಂಟ್ ಎನ್ನುತ್ತಾರೆ. ಇಲ್ಲಿ ಅದನ್ನು ಅದುಮುಬಲ ಎಂದು ಕರೆಯೋಣ.

ಈಗ ಅದರ ವಿಷಚಕ್ರ ನೋಡಿ. ಅದುಮುಬಲದಿಂದ ಒಳಬದಿ ಸವೆಯುತ್ತದೆ. ಒಳಬದಿ ಸವೆದು ತಗ್ಗಾದ ಮೇಲೆ ಕಾಲು ಇನ್ನಷ್ಟು ಬಾಗುತ್ತದೆ. ಕಾಲು ಬಾಗಿದರೆ ಭಾರದ ಗೆರೆ ಇನ್ನಷ್ಟು ದೂರ ಸರಿಯುತ್ತದೆ, ಅದುಮುಬಲ ಮತ್ತೆ ಹೆಚ್ಚುತ್ತದೆ. ಹತ್ತು ವರ್ಷದಲ್ಲಿ ಅಜ್ಜಿಯ ಎರಡು ಮಂಡಿಗಳ ನಡುವೆ ಮುಷ್ಟಿ ತೂರುವಷ್ಟು ಜಾಗ ಬಿದ್ದದ್ದು ಹೀಗೆ.

ಇದು ಬರೀ ಕಾಗದದ ಲೆಕ್ಕವಲ್ಲ. ಜಪಾನಿನ ಮಿಯಾಝಾಕಿ ಮತ್ತು ಸಂಗಡಿಗರು ಒಳಬದಿ ಸವೆದ ಮಂಡಿಯ 74 ರೋಗಿಗಳ ನಡಿಗೆಯನ್ನು ಅಳೆದು, ಆರು ವರ್ಷಗಳ ನಂತರ ಅವರ ಎಕ್ಸ್‌ರೇ ನೋಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದುಮುಬಲವನ್ನು ವ್ಯಕ್ತಿಯ ತೂಕ ಮತ್ತು ಎತ್ತರದ ಗುಣಲಬ್ಧದ ಶೇಕಡಾವಾರಿನಲ್ಲಿ ಅಳೆಯುತ್ತಾರೆ. ಆ ಅಳತೆಯಲ್ಲಿ ಒಂದು ಅಂಶ ಹೆಚ್ಚಿದ್ದವರಿಗೆ ಸವೆತ ಮುಂದುವರಿಯುವ ಅಪಾಯ 6.46 ಪಟ್ಟು ಇತ್ತು. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಲ್ಲುಗಾಲು ಇದ್ದವರಿಗೆ 18 ತಿಂಗಳಲ್ಲಿ ಒಳಬದಿಯ ಸವೆತ ಹೆಚ್ಚುವ ಸಾಧ್ಯತೆ ನಾಲ್ಕು ಪಟ್ಟು. 2004ರಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಕಾಲು ಊರಿದ ಕ್ಷಣದಲ್ಲಿ ಮಂಡಿ ಹೊರಕ್ಕೆ ಚಕ್ಕನೆ ಜಾರಿದಂತೆ ವಾಲುವವರಲ್ಲೂ ಹೆಚ್ಚುಕಡಿಮೆ ಅಷ್ಟೇ ಅಪಾಯ.

ಕಣ್ಣಿಗೆ ಕಾಣುವ ನಡಿಗೆ

ಈ ಕೊನೆಯದು ನಮಗೆ ಉಪಯೋಗದ ಸಂಗತಿ, ಯಾಕೆಂದರೆ ಅದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಪ್ರತಿ ವರ್ಷ ದೇಹೂವಿನಿಂದ ಹೊರಟ ತುಕಾರಾಮ ಮಹಾರಾಜರ ಪಾಲಖಿ ನಮ್ಮ ಭಕ್ತಿ-ಶಕ್ತಿ ಚೌಕದ ಮೂಲಕ ಆಕುರ್ಡಿಗೆ ಹೋಗುತ್ತದೆ. ಪಂಢರಪುರಕ್ಕೆ ಸುಮಾರು 250 ಕಿ.ಮೀ. ನಡೆಯಲು ಹೊರಟ ವಾರಕರಿಗಳನ್ನು ನೋಡಲು ನಿಂತವರು, ಒಂದು ಸಲ ತಾಳದ ಕಡೆಯಿಂದ ಕಣ್ಣು ಕೆಳಗಿಳಿಸಿ ಕಾಲುಗಳನ್ನು ನೋಡಿ. ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ವಯಸ್ಸಾದ ಹೆಂಗಸರಲ್ಲಿ ಕೆಲವರ ಮಂಡಿ ಪ್ರತಿ ಹೆಜ್ಜೆಗೂ ಹೊರಕ್ಕೆ ಒದ್ದುಕೊಳ್ಳುತ್ತದೆ. ಕೆಲವರು ನೋವಿರುವ ಕಾಲಿನ ಕಡೆಗೆ ಇಡೀ ಮೈ ವಾಲಿಸಿ, ದೋಣಿಯಂತೆ ತೂಗುತ್ತಾ ನಡೆಯುತ್ತಾರೆ. ಈ ತೂಗಾಟ ಸೋಮಾರಿತನವೂ ಅಲ್ಲ, ಬರೀ ವಯಸ್ಸೂ ಅಲ್ಲ. ಮೈ ವಾಲಿಸಿದಾಗ ಭಾರದ ಗೆರೆ ಮಂಡಿಯ ಹತ್ತಿರ ಬರುತ್ತದೆ, ಅದುಮುಬಲ ಕಡಿಮೆಯಾಗುತ್ತದೆ. ದೇಹ ಯಾರನ್ನೂ ಕೇಳದೆ ತಾನೇ ಕಂಡುಕೊಂಡ ಉಪಾಯ ಅದು. ಆದರೆ ಅದರ ಬೆಲೆಯನ್ನು ಸೊಂಟ ಮತ್ತು ಬೆನ್ನು ತೆರಬೇಕಾಗುತ್ತದೆ.

ನಮ್ಮ ಅವ್ವ ಹೋದ ವರ್ಷ ‘ಇದ್ದಷ್ಟು ದಿನ ಉಳಿಸ್ಕೋಬೇಕವ್ವಾ ಇವನ್ನ’ ಎಂದು ಪಕ್ಕದ ಮನೆಯ ಕಾಕು ಜೊತೆಗಿನ ಬೆಳಗಿನ ವಾಕಿಂಗ್ ನಿಲ್ಲಿಸಿಬಿಟ್ಟಳು. ನಾಲ್ಕು ತಿಂಗಳಲ್ಲಿ ತೂಕ ಮೂರು ಕಿಲೋ ಏರಿತು, ಕುರ್ಚಿಯಿಂದ ಏಳಲು ಟೇಬಲ್ ಹಿಡಿಯಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಭಾಷೆ ಬಾರದ ಊರಿನಲ್ಲಿ ಅವಳಿಗಿದ್ದ ಒಂದೇ ಗೆಳೆತನ ಆ ವಾಕಿಂಗ್‌ದು. ಅವ್ವ ಕನ್ನಡದಲ್ಲಿ, ಕಾಕು ಮರಾಠಿಯಲ್ಲಿ, ಇಬ್ಬರಿಗೂ ಪೂರ್ತಿ ಅರ್ಥ. ಅದೂ ನಿಂತಿತು. ನಮಗೆ ಸಿಕ್ಕ ಫಿಸಿಯೋಥೆರಪಿಸ್ಟ್ ಮಾಡಿದ ಮೊದಲ ಕೆಲಸ ಅವ್ವನನ್ನು ಕಾರಿಡಾರಿನಲ್ಲಿ ನಡೆಸಿ ಫೋನಿನಲ್ಲಿ ವಿಡಿಯೋ ತೆಗೆದದ್ದು.

ನೀವೂ ಅದನ್ನು ಮಾಡಬಹುದು. ಸೀರೆಯನ್ನೋ ಪಂಚೆಯನ್ನೋ ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿಸಿ, ಸಮತಟ್ಟು ಜಾಗದಲ್ಲಿ ಹತ್ತು ಹೆಜ್ಜೆ ಎದುರಿನಿಂದ, ಹತ್ತು ಹೆಜ್ಜೆ ಹಿಂದಿನಿಂದ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ನೋಡಬೇಕಾದ್ದು ಮೂರು: ಕಾಲೂರಿದಾಗ ಮಂಡಿ ಹೊರಕ್ಕೆ ಜಾರುತ್ತದೆಯೇ, ಮೈ ಯಾವ ಬದಿಗೆ ವಾಲುತ್ತದೆ, ಪಾದದ ತುದಿ ಒಳಕ್ಕೆ ತಿರುಗಿದೆಯೋ ಹೊರಕ್ಕೋ. ವೈದ್ಯರ ಬಳಿ ಹೋಗುವಾಗ ಎಕ್ಸ್‌ರೇ ಜೊತೆ ಈ ವಿಡಿಯೋವನ್ನೂ ಒಯ್ಯಿರಿ. ಎಕ್ಸ್‌ರೇಯನ್ನು ನಿಂತ ಭಂಗಿಯಲ್ಲೇ ತೆಗೆಸಿ. ಮಲಗಿಸಿ ತೆಗೆದದ್ದರಲ್ಲಿ ಮಂಡಿಯ ಮೇಲೆ ಭಾರವಿರುವುದಿಲ್ಲ, ಗ್ಯಾಪ್ ಎಷ್ಟು ಕಿರಿದಾಗಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ.

ಏನನ್ನು ಬದಲಿಸಬಹುದು?

ತೂಕ. ಮೊದಲನೆಯದೂ ಇದೇ, ಹೆಚ್ಚು ಫಲ ಕೊಡುವುದೂ ಇದೇ. ತೂಕ ಹೆಚ್ಚಿದ್ದ, ಮಂಡಿ ಸವೆತದ 142 ಹಿರಿಯರ ನಡಿಗೆಯನ್ನು ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಳಿಸಿದ ಒಂದೊಂದು ಕಿಲೋಗೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಐದು ಕಿಲೋ ಇಳಿಸಿದರೆ ಹೆಜ್ಜೆಗೆ 20 ಕಿಲೋ. ದಿನಕ್ಕೆ 5,000 ಹೆಜ್ಜೆ ಎಂದರೆ ಒಂದು ಕಾಲಿಗೆ 2,500. ಗುಣಿಸಿ ನೋಡಿ: ಒಂದು ಮಂಡಿಗೆ ದಿನಕ್ಕೆ 50 ಟನ್ ಕಡಿಮೆ.

ಕೋಲು. ಕೋಲು ಹಿಡಿಯುವುದು ಮುದಿತನದ ಗುರುತು ಎಂದು ಅಪ್ಪಂದಿರು ಒಪ್ಪುವುದಿಲ್ಲ. ಒಪ್ಪಿದವರಲ್ಲೂ ಅನೇಕರು ನೋವಿರುವ ಕಾಲಿನ ಕಡೆಯ ಕೈಯಲ್ಲೇ ಹಿಡಿಯುತ್ತಾರೆ. ಬಲಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜೊತೆಗೇ ನೆಲಕ್ಕೆ ತಾಗಬೇಕು. ಆಗ ಮಾತ್ರ ಕೋಲು ಭಾರದ ಒಂದು ಪಾಲು ಹೊತ್ತು ಅದುಮುಬಲವನ್ನು ತಗ್ಗಿಸುತ್ತದೆ. ಬ್ರೆಜಿಲ್‌ನಲ್ಲಿ 64 ರೋಗಿಗಳ ಮೇಲೆ ಎರಡು ತಿಂಗಳು ನಡೆಸಿದ ಪ್ರಯೋಗದಲ್ಲಿ ದಿನವೂ ಕೋಲು ಹಿಡಿದವರ ನೋವು ಕಡಿಮೆಯಾಗಿತ್ತು, ಓಡಾಟ ಸುಧಾರಿಸಿತ್ತು.

ಚಪ್ಪಲಿ, ಶೂ. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ಅದನ್ನು ಹಾಕಿದಾಗ ಒಳಬದಿಯ ಒತ್ತಡ ಸರಾಸರಿ ಶೇ. 23ರಷ್ಟು ಏರುತ್ತದೆ ಎಂದು 1998ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತ್ತು. ಇನ್ನೊಂದು ಕಡೆ, ಬರಿಗಾಲಲ್ಲಿ ನಡೆದರೆ ಅದುಮುಬಲ ಸುಮಾರು ಶೇ. 12ರಷ್ಟು ಇಳಿಯುತ್ತದೆ ಎಂದು 2006ರಲ್ಲಿ ತಿಳಿದಾಗ, ತೆಳು ಅಡಿಯ ಮೆತ್ತನೆ ಬಳುಕುವ ಶೂಗಳೇ ಉತ್ತಮ ಎಂದು ಎಲ್ಲರೂ ಭಾವಿಸಿದರು. ಆದರೆ 2021ರಲ್ಲಿ ಆಸ್ಟ್ರೇಲಿಯಾದಲ್ಲಿ 164 ಜನರಿಗೆ ಆರು ತಿಂಗಳು ಎರಡೂ ಬಗೆಯ ಶೂ ಹಾಕಿಸಿ ನೋಡಿದಾಗ ನೋವು ಹೆಚ್ಚು ಕಡಿಮೆಯಾದದ್ದು ಗಟ್ಟಿ ಅಡಿಯ, ಪಾದಕ್ಕೆ ಆಧಾರ ಕೊಡುವ ಶೂ ಹಾಕಿದವರಿಗೆ. ಅಂದರೆ ಭಾರ ಇಳಿಯುವುದು ಬೇರೆ, ನೋವು ಇಳಿಯುವುದು ಬೇರೆ. ಎರಡೂ ಯಾವಾಗಲೂ ಜೊತೆಗೇ ಹೋಗುವುದಿಲ್ಲ. ಹೊರಬದಿಗೆ ಎತ್ತರವಿರುವ ಇನ್‌ಸೋಲ್‌ಗಳ ಕಥೆಯೂ ಇದೇ. 2011ರಲ್ಲಿ 200 ಜನರು ಒಂದು ವರ್ಷ ಭಾಗವಹಿಸಿದ ಪ್ರಯೋಗದಲ್ಲಿ ಅವುಗಳಿಂದ ನೋವೂ ಇಳಿಯಲಿಲ್ಲ, ಸವೆತವೂ ನಿಲ್ಲಲಿಲ್ಲ. ಆನ್‌ಲೈನಿನಲ್ಲಿ ‘ಮಂಡಿನೋವಿಗೆ ರಾಮಬಾಣ’ ಎಂದು ಅವನ್ನು ಮಾರುವವರಿಗೆ ದುಡ್ಡು ಕೊಡುವ ಮೊದಲು ಇದನ್ನು ನೆನಪಿಡಿ.

ಪಾದದ ಕೋನ. ಇದು ಹೊಸ ಸುದ್ದಿ, ಹುರುಪಿನದೂ ಹೌದು. ಅಮೆರಿಕದ ಸಂಶೋಧಕರು 68 ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗ 2025ರಲ್ಲಿ ‘ಲ್ಯಾನ್ಸೆಟ್ ರುಮಟಾಲಜಿ’ಯಲ್ಲಿ ಬಂತು. ಮೊದಲು ಒಬ್ಬೊಬ್ಬರ ನಡಿಗೆಯನ್ನೂ ಅಳೆದು, ಪಾದದ ತುದಿಯನ್ನು ಒಳಕ್ಕೆ ತಿರುಗಿಸಿದರೆ ಒಳಿತೋ ಹೊರಕ್ಕೋ, 5 ಡಿಗ್ರಿಯೋ 10 ಡಿಗ್ರಿಯೋ ಎಂದು ಪ್ರತ್ಯೇಕವಾಗಿ ನಿರ್ಧರಿಸಿದರು. ಕಣಕಾಲಿಗೆ ಕಟ್ಟಿದ ಚಿಕ್ಕ ಸಾಧನ ತಪ್ಪಿದಾಗ ಕಂಪಿಸಿ ತಿದ್ದುತ್ತಿತ್ತು. ಆರು ವಾರ ಕಲಿಸಿ, ಆಮೇಲೆ ಮನೆಯಲ್ಲಿ ದಿನವೂ ಅಭ್ಯಾಸ. ವರ್ಷದ ಕೊನೆಗೆ ಅವರ ನೋವು ನೋವುಮಾತ್ರೆ ತಿಂದಷ್ಟು ಇಳಿದಿತ್ತು, ಎಂಆರ್‌ಐಯಲ್ಲಿ ಮೃದ್ವಸ್ಥಿ ಕೆಡುವ ವೇಗವೂ ತಗ್ಗಿತ್ತು. ಇದನ್ನು ಓದಿ ನಾಳೆಯಿಂದಲೇ ಪಾದ ತಿರುಗಿಸಿ ನಡೆಯಲು ಶುರುಮಾಡಬೇಡಿ. ಒಬ್ಬರಿಗೆ ಭಾರ ಇಳಿಸುವ ಕೋನ ಇನ್ನೊಬ್ಬರಿಗೆ ಏರಿಸುತ್ತದೆ, ಆ ಪ್ರಯೋಗದ ಸಾರವೇ ಅದು. ಅಳೆಯದೆ ಹೇಳುವ ಕೋನ, ರಕ್ತಪರೀಕ್ಷೆ ಇಲ್ಲದೆ ಕೊಟ್ಟ ಇನ್ಸುಲಿನ್ ಇದ್ದಂತೆ.

ಸ್ನಾಯು. ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಯ ಧಕ್ಕೆಯನ್ನು ತಾನು ನುಂಗಿ ಮಂಡಿಗೆ ಕಡಿಮೆ ಬಿಡುತ್ತದೆ. ಅದನ್ನು ಬಲಪಡಿಸಿದರೆ ಅದುಮುಬಲ ಇಳಿಯದಿದ್ದರೂ ನೋವು ಇಳಿಯುತ್ತದೆ. ಮನೆಯಲ್ಲೇ ಮಾಡುವಂಥ ಎರಡು ವ್ಯಾಯಾಮ: ಮಲಗಿಕೊಂಡು ಕಾಲನ್ನು ನೇರವಾಗಿ ಒಂದಡಿ ಎತ್ತಿ ಐದು ಎಣಿಸಿ ಇಳಿಸುವುದು, ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ನಿಧಾನವಾಗಿ ಕೂರುವುದು. ಹತ್ತತ್ತು ಸಲ, ದಿನಕ್ಕೆ ಎರಡು ಹೊತ್ತು.

ದಾರಿ. ದುರ್ಗಾ ಟೇಕಡಿಯ ಗಾಳಿ ಚೆಂದ, ಅದರ ಇಳಿಜಾರು ಮಂಡಿಚಿಪ್ಪಿಗೆ ಚೆಂದವಲ್ಲ. ಏರುವಾಗ ಏದುಸಿರು ಬಂದರೂ, ಮಂಡಿ ಕೂಗುವುದು ಇಳಿಯುವಾಗ. ನೋವು ಹೆಚ್ಚಿರುವ ದಿನಗಳಲ್ಲಿ ಪ್ರಾಧಿಕರಣದ ಮರದ ಸಾಲಿನ ಸಮತಟ್ಟು ರಸ್ತೆಗಳೇ ಮೇಲು. ಹೆಜ್ಜೆ ಸ್ವಲ್ಪ ಚಿಕ್ಕದಿರಲಿ. ಒಂದೇ ಉಸಿರಿಗೆ ಮುಕ್ಕಾಲು ಗಂಟೆ ನಡೆಯುವ ಬದಲು ಹದಿನೈದು ನಿಮಿಷದ ಮೂರು ಸುತ್ತು ಹಾಕಿ. ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತಬೇಕಾದರೆ ಈ ಸೂತ್ರ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಎಷ್ಟು ನೋವಿದ್ದರೆ ನಡೆಯಬಹುದು?

ಫಿಸಿಯೋಥೆರಪಿಸ್ಟ್‌ಗಳು ಸಾಮಾನ್ಯವಾಗಿ ಹೇಳುವ ಅಳತೆ ಸರಳ. ನಡೆಯುವಾಗ ತಡೆದುಕೊಳ್ಳುವಷ್ಟು ನೋವು ಬಂದು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನ ಸ್ಥಿತಿಗೆ ಇಳಿದರೆ ಅಷ್ಟು ನಡಿಗೆ ಸರಿ. ಮರುದಿನವೂ ನೋವು ಹೆಚ್ಚೇ ಇದ್ದರೆ ಅಥವಾ ಬಾವು ಬಂದರೆ ದೂರ ಕಡಿಮೆ ಮಾಡಿ, ನಡಿಗೆಯನ್ನೇ ಬಿಡಬೇಡಿ. ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಳ್ಳುವುದು, ಕೆಂಪಾಗಿ ಬಿಸಿಯಾಗಿ ಜ್ವರ ಬರುವುದು, ಭಾರ ಹಾಕಲು ಆಗದಿರುವುದು, ಮಲಗಿದಾಗಲೂ ನಿದ್ದೆಗೆಡಿಸುವ ನೋವು, ಇವು ಬೇರೆ ಮಾತು. ಆಗ ತಡಮಾಡದೆ ವೈದ್ಯರನ್ನು ಕಾಣಿ.

ಸವೆತ ಬಹಳ ಮುಂದುವರಿದವರಿಗೆ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿಯಾಗಿರಬಹುದು, ಅದಕ್ಕೆ ಹೆದರಬೇಕಿಲ್ಲ. ಆದರೆ ಮೊದಲ ಅಥವಾ ಎರಡನೆಯ ಹಂತದಲ್ಲಿರುವ ನಿಮ್ಮ ತಂದೆತಾಯಿಗೆ ಯಾರಾದರೂ ‘ಗ್ಯಾಪ್ ಬಂದಿದೆ, ನಡೆಯಬೇಡಿ’ ಎಂದರೆ, ಆ ಮಾತನ್ನು ಅಲ್ಲಿಗೇ ಒಪ್ಪಿಕೊಳ್ಳಬೇಡಿ. ಯಾವ ಬದಿ ಸವೆದಿದೆ, ಕಾಲು ಎಷ್ಟು ಬಾಗಿದೆ, ನಡಿಗೆ ಹೇಗಿದೆ ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಕೊಡಲು ಅವರನ್ನು ಒಮ್ಮೆಯಾದರೂ ನಡೆಸಿ ನೋಡುವ ವೈದ್ಯರನ್ನು ಹುಡುಕಿ. ಮಗನ ಊರಿನಲ್ಲಿ, ಮಗಳ ಊರಿನಲ್ಲಿ ಅವರಿಗೆ ಹಾಲಿನ ಅಂಗಡಿ, ಗುಡಿ, ತರಕಾರಿಯವನು, ನಾಲ್ಕು ಜನರ ಪರಿಚಯ ಎಲ್ಲವೂ ಸಿಗುವುದು ಕಾಲ್ನಡಿಗೆಯ ದೂರದಲ್ಲೇ.

ಮುಂದಿನ ಸಂಚಿಕೆಯಲ್ಲಿ ಮಂಡಿ ಬದಲಿ ಶಸ್ತ್ರಚಿಕಿತ್ಸೆ: ಯಾವಾಗ ಬೇಕು, ಯಾವಾಗ ಕಾಯಬಹುದು, ವಿಮೆಯಲ್ಲಿ ಏನೇನು ನೋಡಿಕೊಳ್ಳಬೇಕು.